ರಗ್ಬಿ ಯೂನಿಯನ್: ನಮ್ಮೂರ ತಂಡ ಯಾವುದು?



ಸಿಡ್ನಿಗೆ ಬಂದ ಹೊಸತರಲ್ಲಿ ನಮ್ಮಲ್ಲಿ ಅನೇಕರಿಗೆ ಒಂದು ಗೊಂದಲ. ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವವರೆಲ್ಲ ಇಲ್ಲಿ 'ಫುಟಿ' ಆಡುವವರೇ! ಸೋಮವಾರ ಆಫೀಸಿನಲ್ಲಿ ಆ ಮಾತು ಬಂದರೆ ತಲೆಯಾಡಿಸಿ ಸುಮ್ಮನಾಗುತ್ತೇವೆ. ಆದ್ದರಿಂದ ಮೊದಲು ಸ್ವಲ್ಪ ಪಾಠ.

ರಗ್ಬಿಯಲ್ಲಿ ಎರಡು ಬಗೆ. ಆಟಕ್ಕಾಗಿ ಕೂಲಿ ಕಳೆದುಕೊಳ್ಳುವ ಕಾರ್ಮಿಕರಿಗೆ ಹಣ ಕೊಡಬೇಕೋ ಬೇಡವೋ ಎಂಬ ಜಗಳದಲ್ಲಿ 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಬೇರೆಯಾದವು. 1907-08ರಲ್ಲಿ ಸಿಡ್ನಿಯಲ್ಲೂ ಮನೆ ಪಾಲಾಯಿತು. ಕಾರ್ಮಿಕರ ಬಡಾವಣೆಗಳು ಹಣ ಕೊಡುವ ಲೀಗ್ ಕಡೆ ಹೋದವು; ಯೂನಿಯನ್ ಹೆಚ್ಚಾಗಿ ಖಾಸಗಿ ಶಾಲೆ, ವಿಶ್ವವಿದ್ಯಾಲಯಗಳ ಆಟವಾಗಿ ಉಳಿಯಿತು. ಲೀಗ್‌ನಲ್ಲಿ 13 ಜನ, ಟ್ರೈಗೆ 4 ಅಂಕ; ಆರನೆಯ ಸಲ ಹಿಡಿದು ಕೆಡವಿದರೆ ಚೆಂಡು ಎದುರಾಳಿಗೆ. ಕಬಡ್ಡಿ ಬಲ್ಲವರಿಗೆ ಐದು ನಿಮಿಷದಲ್ಲಿ ಅರ್ಥವಾಗುತ್ತದೆ. ಯೂನಿಯನ್‌ನಲ್ಲಿ 15 ಜನ, ಟ್ರೈಗೆ 5 ಅಂಕ, ಕೆಳಗೆ ಬಿದ್ದ ಚೆಂಡಿಗೆ ಇಬ್ಬರೂ ಕಾದಾಡಬಹುದು. ಅದರ ಸೊಗಸೂ ಅದೇ, ತಲೆನೋವೂ ಅದೇ. ರೆಫರಿ ಯಾಕೆ ಸೀಟಿ ಊದಿದರೆಂದು ಪಕ್ಕದವರನ್ನು ಕೇಳಿ ನೋಡಿ, ಅವರಿಗೂ ಗೊತ್ತಿರುವುದಿಲ್ಲ!

ಈಗ ವಿಚಾರಕ್ಕೆ ಬರೋಣ. 2025ರ ಜುಲೈನಲ್ಲಿ ಲಯನ್ಸ್ ವಿರುದ್ಧದ ಎರಡನೆಯ ಟೆಸ್ಟ್ ನೋಡಲು ಮೆಲ್ಬರ್ನಿನ ಎಂಸಿಜಿಯಲ್ಲಿ 90,000ಕ್ಕೂ ಹೆಚ್ಚು ಜನ ಸೇರಿದ್ದರು. (ಕೆಂಪು ಅಂಗಿಯ ಅತಿಥಿಗಳೂ ಬಹಳ ಇದ್ದರೆನ್ನಿ.) ಅದೇ ಊರಿನ ತಂಡ ಮೆಲ್ಬರ್ನ್ ರೆಬೆಲ್ಸ್ ಮಾತ್ರ ಸಾಲದಲ್ಲಿ ಮುಳುಗಿ 2024ರಲ್ಲೇ ಬಾಗಿಲು ಮುಚ್ಚಿತ್ತು. ದೇಶದ ಪಂದ್ಯಕ್ಕೆ ಬರುವ ಜನ ಊರಿನ ತಂಡಕ್ಕೆ ಯಾಕೆ ಬರುವುದಿಲ್ಲ?

ನಿಯಮ ಬದಲಿಸಿದರೆ ಬಂದಾರು ಎಂಬುದು ಒಂದು ನಂಬಿಕೆ. 2019ರಲ್ಲಿ ಇಲ್ಲಿನ ನ್ಯಾಷನಲ್ ರಗ್ಬಿ ಚಾಂಪಿಯನ್‌ಶಿಪ್‌ನಲ್ಲಿ ಪರೀಕ್ಷಿಸಿದ '50:22' ನಿಯಮ ಈಗ ಜಗತ್ತಿನೆಲ್ಲೆಡೆ ಇದೆ. ತನ್ನ ಅರ್ಧದಿಂದ ಒದ್ದ ಚೆಂಡು ನೆಲಕ್ಕೆ ಪುಟಿದು ಎದುರಾಳಿಯ 22 ಮೀಟರಿನೊಳಗೆ ಗೆರೆ ದಾಟಿದರೆ, ಲೈನ್‌ಔಟ್‌ನಲ್ಲಿ ಚೆಂಡೆಸೆಯುವ ಹಕ್ಕು ಒದ್ದವರಿಗೇ. ಹಾಗಾಗಿ ರಕ್ಷಣೆಯ ಆಟಗಾರರು ಹಿಂದೆ ಸರಿಯಬೇಕು, ಮುಂದೆ ಓಡಲು ಜಾಗ ಸಿಗುತ್ತದೆ. ಜಾಣ ನಿಯಮವೇ. ಆದರೆ ಆ ಪಂದ್ಯಾವಳಿ ಅದೇ ವರ್ಷಕ್ಕೆ ಮುಗಿಯಿತು! 2014ರಲ್ಲಿ ಶುರುವಾದ ಅದಕ್ಕೆ 'ಸಿಡ್ನಿ ಸ್ಟಾರ್ಸ್', 'ಮೆಲ್ಬರ್ನ್ ರೈಸಿಂಗ್' ಎಂದೆಲ್ಲ ಹೊಸ ತಂಡಗಳನ್ನು ಸೃಷ್ಟಿಸಿದ್ದರು. ಅದಕ್ಕೂ ಮೊದಲು, 2007ರಲ್ಲಿ, ಇಂಥದ್ದೇ ಇನ್ನೊಂದು ಪಂದ್ಯಾವಳಿ ಒಂದೇ ವರ್ಷ ಬಾಳಿತ್ತು. ಅಜ್ಜನ ಕಾಲದಿಂದ ರ‍್ಯಾಂಡ್ವಿಕ್ (1882ರ ಕ್ಲಬ್, ಎಲ್ಲಾ ಸಹೋದರರು ಆಡಿದ್ದು) ಎನ್ನುತ್ತಿದ್ದವರು ರಾತ್ರೋರಾತ್ರಿ ಹೊಸ ಹೆಸರಿಗೆ ಜೈ ಎನ್ನುತ್ತಾರೆಯೇ?

2021 ಇದಕ್ಕೆ ತಿರುಗುಮುರುಗು. ಅದುವರೆಗೆ ಸೂಪರ್ ರಗ್ಬಿಯಲ್ಲಿ ಬ್ರಿಸ್ಬೇನಿನ ರೆಡ್ಸ್ ತಂಡ ದಕ್ಷಿಣ ಆಫ್ರಿಕಾದಲ್ಲಿ ಆಡಿದರೆ ಇಲ್ಲಿ ಸರಿರಾತ್ರಿ. ಕೋವಿಡ್‌ನಿಂದ ಗಡಿ ಮುಚ್ಚಿದಾಗ ಆಸ್ಟ್ರೇಲಿಯಾದ ತಂಡಗಳೇ ತಮ್ಮತಮ್ಮಲ್ಲಿ ಆಡಿದವು. ಆ ವರ್ಷದ ಫೈನಲ್‌ನಲ್ಲಿ ರೆಡ್ಸ್ ಬ್ರಂಬೀಸ್ ತಂಡವನ್ನು 19-16ರಿಂದ ಸೋಲಿಸಿದಾಗ ಸನ್‌ಕಾರ್ಪ್ ಕ್ರೀಡಾಂಗಣದಲ್ಲಿ 41,000ಕ್ಕೂ ಹೆಚ್ಚು ಜನ. ಪರಿಚಿತ ವೈರಿ, ನೋಡಬಹುದಾದ ಹೊತ್ತು. ನನಗೆ ಕಾಣುವಂತೆ ಗುಟ್ಟು ಇಷ್ಟೇ.

ಹಾಗಿದ್ದರೆ ಹೊಸ ತಂಡ ಕಟ್ಟುವ ಬದಲು ಸಿಡ್ನಿ, ಬ್ರಿಸ್ಬೇನಿನ ಹಳೆಯ ಕ್ಲಬ್ಬುಗಳನ್ನೇ ರಾಷ್ಟ್ರಮಟ್ಟಕ್ಕೆ ತಂದು, ಪಂದ್ಯಗಳನ್ನು ಶನಿವಾರ ಮಧ್ಯಾಹ್ನ ಉಚಿತ ಟಿವಿಯಲ್ಲಿ ತೋರಿಸಬಾರದೇಕೆ? ಜೊತೆಗೆ ಪಶ್ಚಿಮ ಸಿಡ್ನಿಯನ್ನು ಮರೆಯಬಾರದು. ನಮ್ಮವರೂ ಬಹಳ ಮಂದಿ ಇರುವ ಭಾಗವದು. ಸಿಡ್ನಿ ಕ್ಲಬ್ಬುಗಳ ಪಂದ್ಯಾವಳಿಯಾದ ಶೂಟ್ ಶೀಲ್ಡ್‌ನಿಂದ ಪೆನ್ರಿತ್ ತಂಡವನ್ನು, ಸೋಲು ಹೆಚ್ಚಾಯಿತೆಂದು, 2018ರಲ್ಲಿ ಋತುವಿನ ನಡುವೆಯೇ ಕೈಬಿಟ್ಟರು. ಅದೇ ಪೆನ್ರಿತ್‌ನ ಲೀಗ್ ತಂಡ 2021ರಿಂದ 2024ರವರೆಗೆ ಸತತ ನಾಲ್ಕು ಸಲ ಚಾಂಪಿಯನ್! ಅಲ್ಲಿ ಆಡುವ ಹುಡುಗರಿಲ್ಲ ಎಂದು ಯಾರು ಹೇಳಬಲ್ಲರು?

2027ರ ವಿಶ್ವಕಪ್ ಆಸ್ಟ್ರೇಲಿಯಾದಲ್ಲೇ. ಅದಕ್ಕೂ ಮೊದಲು ಒಂದು ಶನಿವಾರ ಕೂಜಿ ಓವಲ್‌ಗೆ ಹೋಗಿ ಶೂಟ್ ಶೀಲ್ಡ್ ಪಂದ್ಯ ನೋಡಿ. ಹುಲ್ಲಿನ ಮೇಲೆ ಕೂರಬಹುದು, ಪಕ್ಕದಲ್ಲೇ ಸಮುದ್ರ. ಸಸ್ಯಾಹಾರಿಗಳು ಚಿತ್ರಾನ್ನದ ಡಬ್ಬಿ ಒಯ್ಯುವುದು ಒಳ್ಳೆಯದು.