ಡಾಲ್ಫಿನ್ನಿಗೆ ನಮ್ಮ ಸಿಳ್ಳೆ ಕೇಳಿಸುವುದೆ?

ಬಳ್ಳಾರಿ ಸೀಮೆಯವರಿಗೆ ಕಡಲು ದೂರದ ವಸ್ತು. ಸಿರುಗುಪ್ಪದ ಬಳಿ ಹರಿಯುವ ತುಂಗಭದ್ರೆಯು ಕೃಷ್ಣೆಯನ್ನು ಕೂಡಿ ಮೂಡಣ ಕಡಲನ್ನು ಸೇರುತ್ತದೆ. ನಾವಾದರೋ ಕಡಲನ್ನು ನೋಡಬೇಕೆಂದರೆ ಹುಬ್ಬಳ್ಳಿಯನ್ನು ದಾಟಿ, ಘಟ್ಟವನ್ನಿಳಿದು, ಪಡುವಣದ ಕಾರವಾರಕ್ಕೆ ಹೋಗುವುದೇ ವಾಡಿಕೆ. ನಾನು ಸಿರುಗುಪ್ಪದಲ್ಲಿ ಓದುತ್ತಿದ್ದ ಹುಡುಗನಾಗಿದ್ದಾಗ ದೂರದರ್ಶನದಲ್ಲಿ ಡಾಲ್ಫಿನ್ನೊಂದನ್ನು ಕಂಡೆನು. ಕೊಳದ ದಡದಲ್ಲಿ ನಿಂತ ಒಬ್ಬಾತ ಸಿಳ್ಳೆ ಊದುವುದು, ಅದು ನೀರಿನಿಂದ ಚಿಮ್ಮಿ ಬರುವುದು, ಇಷ್ಟೇ ಆ ದೃಶ್ಯ. ಎಂದಾದರೊಂದು ದಿನ ಕಡಲಿಗೆ ಹೋಗಿ, ಹಾಗೆಯೇ ಸಿಳ್ಳೆ ಹಾಕಿ ಡಾಲ್ಫಿನ್ನನ್ನು ಕರೆಯಬೇಕೆಂಬ ಆಸೆ ಆಗ ಹುಟ್ಟಿತು. ಎರಡು ಬೆರಳುಗಳನ್ನು ಬಾಯಲ್ಲಿಟ್ಟು ಹೊಳೆಯ ದಂಡೆಯಲ್ಲಿ ದಿನವೂ ಅಭ್ಯಾಸಮಾಡುತ್ತಿದ್ದೆನು.

ಆ ಆಸೆ ಕೈಗೂಡುವ ಕಾಲ ಬಂದುದು ಕಳೆದ ಡಿಸೆಂಬರ್ ರಜೆಯಲ್ಲಿ. ಮಡದಿ, ಒಂಬತ್ತು ವರ್ಷದ ಮಗಳು, ಕುರುಗೋಡಿನಿಂದ ಬಂದ ಅತ್ತೆಯವರು ಮತ್ತು ನಾನು ಕಾರವಾರದಲ್ಲಿ ಮೂರು ದಿನ ತಂಗಿದೆವು. ಎರಡನೆಯ ಬೆಳಗ್ಗೆ ಕಾಳಿನದಿಯ ಅಳಿವೆಯಿಂದ ದೋಣಿಯಲ್ಲಿ ಕೂರ್ಮಗಡದ ಕಡೆಗೆ ಹೊರಟೆವು. ಅಲ್ಲಿ ನೋಡಲು ಸಿಕ್ಕುವುದು ಹಿಂದೂಸಾಗರದ ಗೂನುಬೆನ್ನಿನ ಡಾಲ್ಫಿನ್. ಎರಡೂವರೆ ಮೀಟರಿನಷ್ಟು ಉದ್ದದ, ಬೂದುಬಣ್ಣದ, ಬೆನ್ನಿನ ಮೇಲೆ ಗೂನೂ ಅದರ ಮೇಲೆ ಚಿಕ್ಕ ರೆಕ್ಕೆಯೂ ಇರುವ ಪ್ರಾಣಿ ಇದು. ಇದು ಆಳಕಡಲಿಗೆ ಹೋಗುವುದು ಅಪರೂಪ. ಸಾಮಾನ್ಯವಾಗಿ 25 ಮೀಟರಿಗಿಂತ ಕಡಿಮೆ ಆಳವುಳ್ಳ ತೀರದ ನೀರಿನಲ್ಲಿಯೇ ಇದರ ಸಂಸಾರ. ಮೀನಿನಂತೆ ಕಂಡರೂ ಇದು ಮೀನಲ್ಲ; ಶ್ವಾಸಕೋಶದಿಂದ ಉಸಿರಾಡುವ, ಮರಿಗೆ ಹಾಲೂಡಿಸುವ ಸಸ್ತನಿ.

ಅರ್ಧಗಂಟೆ ಕಳೆಯುವಷ್ಟರಲ್ಲಿ ದೂರದಲ್ಲಿ ಎರಡು ಬೆನ್ನುಗಳು ಮೂಡಿ ಮುಳುಗಿದುವು. ನಾನು ಅವಸರಪಟ್ಟು ದೋಣಿಯವರಿಗೆ ಹತ್ತಿರ ಒಯ್ಯಲು ಹೇಳಿದೆನು. ಎಂಜಿನ್ ಮೊರೆಯಿತು. ನಾನು ಎದ್ದುನಿಂತು, ಇಪ್ಪತ್ತೈದು ವರ್ಷಗಳ ಅಭ್ಯಾಸವನ್ನೆಲ್ಲ ಕೂಡಿಸಿ ಸಿಳ್ಳೆ ಹಾಕಿದೆನು. ಡಾಲ್ಫಿನ್ನುಗಳು ಮತ್ತೆ ಕಾಣಿಸಲಿಲ್ಲ.

“ಅಪ್ಪಾ, ನೀನು ಕರೆದದ್ದು ಅವಕ್ಕೆ ಕೇಳಿಸಲೇ ಇಲ್ಲವೇನು? ಅವಕ್ಕೆ ಕಿವಿ ಇಲ್ಲವೇನು?” ಎಂದು ಮಗಳು ಕೇಳಿದಳು.

ಈ ಪ್ರಶ್ನೆಯಿಂದ ನನಗೆ ನಾಚಿಕೆಯಾಯಿತು. ಪ್ರತಿವರ್ಷ ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆಯುವ ಪಾಠವನ್ನೇ ನಾನು ದೋಣಿಯಲ್ಲಿ ಮರೆತಿದ್ದೆನು. ಆ ಪಾಠವನ್ನು ವಾಚಕರೊಡನೆ ಇನ್ನೊಮ್ಮೆ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಗಾಳಿ ಮತ್ತು ನೀರಿನ ಗಡಿ

ಶಬ್ದವು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಹೋಗುವಾಗ ಎಷ್ಟು ಭಾಗ ಒಳಹೊಗುತ್ತದೆ, ಎಷ್ಟು ಭಾಗ ಹಿಮ್ಮರಳುತ್ತದೆ ಎಂಬುದನ್ನು ಎರಡು ಗುಣಗಳು ಕೂಡಿ ನಿರ್ಣಯಿಸುತ್ತವೆ: ಮಾಧ್ಯಮದ ಸಾಂದ್ರತೆ ಮತ್ತು ಅದರಲ್ಲಿ ಶಬ್ದದ ವೇಗ. ಇವೆರಡರ ಗುಣಲಬ್ಧವು ಎರಡು ಮಾಧ್ಯಮಗಳಲ್ಲಿ ಸಮವಾಗಿದ್ದರೆ ಶಬ್ದವು ತಡೆಯಿಲ್ಲದೆ ಗಡಿಯನ್ನು ದಾಟುತ್ತದೆ. ನೀರು ಗಾಳಿಗಿಂತ ಸುಮಾರು 830 ಪಟ್ಟು ಸಾಂದ್ರವಾದುದು; ನೀರಿನಲ್ಲಿ ಶಬ್ದದ ವೇಗ ಗಾಳಿಯಲ್ಲಿರುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು. ಆದುದರಿಂದ ನೀರಿನ ಗುಣಲಬ್ಧ ಗಾಳಿಯದಕ್ಕಿಂತ ಸುಮಾರು 3,600 ಪಟ್ಟು ದೊಡ್ಡದಾಗುತ್ತದೆ. ಇಷ್ಟು ವಿಷಮವಾದ ಗಡಿಯಲ್ಲಿ, ನೇರವಾಗಿ ಕೆಳಮುಖವಾಗಿ ಬಿದ್ದ ಶಬ್ದಶಕ್ತಿಯಲ್ಲಿಯೂ ಸುಮಾರು ಸಾವಿರದಲ್ಲಿ ಒಂದು ಪಾಲು ಮಾತ್ರ ನೀರಿನೊಳಕ್ಕೆ ಹೋಗುತ್ತದೆ. ಮಿಕ್ಕುದೆಲ್ಲವೂ ಗಾಳಿಗೇ ಹಿಂದಿರುಗುತ್ತದೆ.

ಓರೆಯಾಗಿ ಬಿದ್ದ ಶಬ್ದದ ಗತಿ ಇನ್ನೂ ಕಷ್ಟ. ಬೆಳಕಿನ ಪೂರ್ಣ ಆಂತರಿಕ ಪ್ರತಿಫಲನವನ್ನು ವಿದ್ಯಾರ್ಥಿಗಳು ಬಲ್ಲರು. ಬೆಳಕು ನೀರಿನಿಂದ ಗಾಳಿಗೆ ಬರುವಾಗ, ಅಂದರೆ ವೇಗ ಕಡಿಮೆಯಿರುವ ಮಾಧ್ಯಮದಿಂದ ವೇಗ ಹೆಚ್ಚಿರುವ ಮಾಧ್ಯಮಕ್ಕೆ ಹೋಗುವಾಗ, ಒಂದು ಸಂಧಿಕೋನಕ್ಕಿಂತ ಹೆಚ್ಚು ಓರೆಯಾದರೆ ಅದು ಹೊರಬರಲಾರದು. ಶಬ್ದಕ್ಕೆ ಈ ನಿಯಮ ತಲೆಕೆಳಗಾಗುತ್ತದೆ. ಏಕೆಂದರೆ ಶಬ್ದದ ವೇಗ ಗಾಳಿಯಲ್ಲಿಯೇ ಕಡಿಮೆ. 340ನ್ನು 1,500ರಿಂದ ಭಾಗಿಸಿದರೆ 0.227 ಬರುತ್ತದೆ; ಅದನ್ನು ಸೈನ್ ಬೆಲೆಯಾಗಿ ಉಳ್ಳ ಕೋನ ಸುಮಾರು 13 ಡಿಗ್ರಿ. ಲಂಬರೇಖೆಯಿಂದ 13 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಶಾಂತವಾದ ನೀರಿನ ಮೇಲೆ ಬಿದ್ದ ಶಬ್ದವು ಪೂರ್ಣವಾಗಿ ಪ್ರತಿಫಲಿಸುತ್ತದೆ. ದೋಣಿಯಲ್ಲಿ ನಿಂತು ದೂರದ ಡಾಲ್ಫಿನ್ನಿಗೆ ಹಾಕಿದ ನನ್ನ ಸಿಳ್ಳೆ ಅದೆಷ್ಟು ಓರೆಯಾಗಿತ್ತೆಂಬುದನ್ನು ಹೇಳಬೇಕಾಗಿಲ್ಲ. ದೂರದರ್ಶನದ ಡಾಲ್ಫಿನ್ನಿನ ವಿಷಯ ಬೇರೆ: ಅದು ಶಿಕ್ಷಕನ ಕಾಲಬಳಿಯಲ್ಲಿಯೇ ತಲೆಯೆತ್ತಿ ಕಾದಿದ್ದಿತು.

ನೀರಿನಲ್ಲಿ ಶಬ್ದದ ಓಟ

ಸಾಂದ್ರವಾದ ವಸ್ತುವಿನಲ್ಲಿ ಶಬ್ದ ವೇಗವಾಗಿ ಓಡುತ್ತದೆಂದು ಹಲವು ವಿದ್ಯಾರ್ಥಿಗಳು ಬರೆಯುವುದುಂಟು. ಇದು ತಪ್ಪು. ಸಾಂದ್ರತೆಯು ವೇಗವನ್ನು ತಗ್ಗಿಸುತ್ತದೆ, ಹೆಚ್ಚಿಸುವುದು ಸ್ಥಿತಿಸ್ಥಾಪಕತೆ. ನೀರನ್ನು ಅದುಮಿ ಕುಗ್ಗಿಸುವುದು ಗಾಳಿಯನ್ನು ಕುಗ್ಗಿಸುವುದಕ್ಕಿಂತ ಸುಮಾರು 15,000 ಪಟ್ಟು ಕಷ್ಟ. 15,000ವನ್ನು 830ರಿಂದ ಭಾಗಿಸಿ ವರ್ಗಮೂಲ ತೆಗೆದರೆ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚಿನ ಸಂಖ್ಯೆ ಬರುತ್ತದೆ. ನೀರಿನಲ್ಲಿ ಶಬ್ದ ಗಾಳಿಗಿಂತ ಅಷ್ಟು ಪಟ್ಟು ವೇಗವಾಗಿ ಚಲಿಸುತ್ತದೆ.

ಇದನ್ನು 1826ರಲ್ಲಿ ಕೊಲಾಡನ್ ಮತ್ತು ಸ್ಟರ್ಮ್ ಎಂಬುವರು ಜಿನೀವಾ ಸರೋವರದಲ್ಲಿ ಅಳೆದು ತೋರಿಸಿದರು. ಒಂದು ದೋಣಿಯಿಂದ ನೀರಿನೊಳಗೆ ಇಳಿಬಿಟ್ಟ ಗಂಟೆಯನ್ನು ಬಾರಿಸಿದ ಕ್ಷಣದಲ್ಲಿಯೇ ಮೇಲೆ ಮದ್ದು ಹೊತ್ತಿಕೊಳ್ಳುವಂತೆ ಏರ್ಪಡಿಸಿದ್ದರು. ಹದಿಮೂರು ಕಿಲೋಮೀಟರುಗಳಿಗೂ ಆಚೆ ಇನ್ನೊಂದು ದೋಣಿಯಲ್ಲಿ, ನೀರಿನಲ್ಲಿ ಅದ್ದಿದ ಕೊಳವೆಗೆ ಕಿವಿಗೊಟ್ಟು, ಬೆಳಕನ್ನು ಕಂಡ ಗಳಿಗೆಯಿಂದ ಗಂಟೆಯ ಸದ್ದು ಕೇಳುವವರೆಗಿನ ಕಾಲವನ್ನು ಗುರುತಿಸಿದರು. ಸೆಕೆಂಡಿಗೆ 1,435 ಮೀಟರ್ ಎಂಬುದು ಅವರಿಗೆ ದೊರೆತ ಉತ್ತರ. ಆ ಸರೋವರದ ನೀರು ತಣ್ಣಗಿದ್ದಿತು. ಬೆಚ್ಚಗಿನ ಉಪ್ಪುನೀರಿನಲ್ಲಿ ವೇಗವು 1,500 ಮೀಟರನ್ನೂ ಮೀರುತ್ತದೆ. ನಮ್ಮ ಲೆಕ್ಕಕ್ಕೆ 1,500 ಸಾಕು.

ಸಿರುಗುಪ್ಪದ ಹುಡುಗರು ಈ ಶಬ್ದವನ್ನು ಬೇರೊಂದು ಬಗೆಯಲ್ಲಿ ಬಲ್ಲರು. ಹೊಳೆಯಲ್ಲಿ ಈಜುವಾಗ ಒಬ್ಬನು ನೀರಿನೊಳಗೆ ಎರಡು ಕಲ್ಲುಗಳನ್ನು ಕುಟ್ಟುತ್ತಾನೆ. ಮುಳುಗಿದ ಇನ್ನೊಬ್ಬನು ಸದ್ದು ಯಾವ ಕಡೆಯದೆಂದು ಹೇಳಬೇಕು. ಹೇಳಿದವನು ಗೆಲ್ಲುವುದು ಅಪರೂಪ. ಕಾರಣವೇನು? ಪಕ್ಕದಿಂದ ಬಂದ ಶಬ್ದವು ಒಂದು ಕಿವಿಯನ್ನು ಮೊದಲು, ಇನ್ನೊಂದನ್ನು ಅನಂತರ ಮುಟ್ಟುತ್ತದೆ. ಈ ಅಂತರವೇ ನಮಗೆ ದಿಕ್ಕನ್ನು ತಿಳಿಸುವ ಮುಖ್ಯ ಸೂಚನೆ. ಕಿವಿಗಳ ನಡುವಿನ ದೂರ 20 ಸೆಂಟಿಮೀಟರೆಂದಿಟ್ಟುಕೊಂಡರೆ ಗಾಳಿಯಲ್ಲಿ ಈ ಅಂತರ ಸೆಕೆಂಡಿನ ಹತ್ತುಸಾವಿರದ ಆರು ಭಾಗದಷ್ಟು. ನೀರಿನಲ್ಲಿ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಸಾಲದುದಕ್ಕೆ ನೀರಿನ ಶಬ್ದ ತಲೆಯ ಮೂಳೆಯನ್ನೇ ನಡುಗಿಸಿ ಎರಡು ಕಿವಿಗಳನ್ನೂ ಒಟ್ಟಿಗೆ ತಲುಪುತ್ತದೆ. ನಮ್ಮ ಕಿವಿ ಗಾಳಿಗಾಗಿ ಆದುದು. ಡಾಲ್ಫಿನ್ನಿನ ಕಿವಿರಂಧ್ರ ಸೂಜಿಮೊನೆಯಷ್ಟು ಚಿಕ್ಕದು. ಶಬ್ದವನ್ನು ಅದು ಮುಖ್ಯವಾಗಿ ಕೆಳದವಡೆಯ ಕೊಬ್ಬಿನ ಮೂಲಕ ಒಳಗಿವಿಗೆ ತೆಗೆದುಕೊಳ್ಳುತ್ತದೆ. ಮಗಳ ಎರಡನೆಯ ಪ್ರಶ್ನೆಗೆ ಇದು ಉತ್ತರ.

ಪ್ರತಿಧ್ವನಿಯ ಬೇಟೆ

ಅಳಿವೆಯ ನೀರು ಕೆಸರಿನಿಂದ ಮಸುಕಾಗಿರುತ್ತದೆ. ಅಲ್ಲಿ ಕಣ್ಣನ್ನು ನಂಬಿದ ಪ್ರಾಣಿ ಉಪವಾಸ ಬೀಳಬೇಕಾದೀತು. ಡಾಲ್ಫಿನ್ ಚಿಕ್ಕ ಚಿಕ್ಕ ‘ಟಿಕ್’ ಸದ್ದುಗಳನ್ನು ಹೊರಡಿಸಿ, ಅವುಗಳ ಪ್ರತಿಧ್ವನಿಯಿಂದ ಮೀನಿನ ನೆಲೆಯನ್ನು ತಿಳಿಯುತ್ತದೆಂದು ದೋಣಿಯಲ್ಲಿ ನಾನು ವಿವರಿಸುತ್ತಿದ್ದಾಗ ಅತ್ತೆಯವರು, “ನಮ್ಮೂರ ಗುಡ್ಡ ಕೂಗಿದ್ದನ್ನು ತಿರುಗಿ ಕೂಗುತ್ತದಲ್ಲ, ಹಾಗೆಯೇನು?” ಎಂದರು. ಹಾಗೆಯೇ ಸರಿ. ಕುರುಗೋಡಿನ ಬಂಡೆಗುಡ್ಡದ ಎದುರು ನಿಂತು ಕೂಗಿದಾಗ ಒಂದು ಸೆಕೆಂಡಿಗೆ ಪ್ರತಿಧ್ವನಿ ಬಂದರೆ, ಶಬ್ದ ಹೋಗಿಬಂದ ದಾರಿ 340 ಮೀಟರ್, ಬಂಡೆಯ ದೂರ 170 ಮೀಟರ್. ಡಾಲ್ಫಿನ್ ಮಾಡುವ ಲೆಕ್ಕವೂ ಇದೇ. ಮೀನು 75 ಮೀಟರ್ ದೂರದಲ್ಲಿದ್ದರೆ ಪ್ರತಿಧ್ವನಿಗೆ ಹಿಡಿಯುವ ಕಾಲ ಸೆಕೆಂಡಿನ ಹತ್ತನೆಯ ಒಂದು ಭಾಗ; ಏಳೂವರೆ ಮೀಟರಿಗೆ ಬಂದಾಗ ನೂರನೆಯ ಒಂದು ಭಾಗ. ಸಾಮಾನ್ಯವಾಗಿ ಒಂದು ಸದ್ದಿನ ಪ್ರತಿಧ್ವನಿ ಬಂದ ಮೇಲೆ ಇನ್ನೊಂದನ್ನು ಕಳುಹಿಸುವುದರಿಂದ, ಬೇಟೆ ಹತ್ತಿರವಾದಂತೆಲ್ಲ ಸದ್ದುಗಳು ಒತ್ತಾಗುತ್ತ ಹೋಗಿ ಕೊನೆಗೆ ಒಂದೇ ಗುಂಯ್‌ಗುಡುವಿಕೆಯಾಗುತ್ತವೆ.

ಈ ಸದ್ದುಗಳ ಕಂಪನಸಂಖ್ಯೆ ಸೆಕೆಂಡಿಗೆ ಒಂದು ಲಕ್ಷವನ್ನು ಮುಟ್ಟುತ್ತದೆ, ಮೀರುವುದೂ ಉಂಟು. ಮನುಷ್ಯನಿಗೆ ಕೇಳಿಸುವುದು ಹೆಚ್ಚೆಂದರೆ 20,000. ಇಷ್ಟು ಕೀರಲು ಸದ್ದು ಏಕೆ ಬೇಕು? ಸೆಕೆಂಡಿಗೆ ಸಾವಿರ ಕಂಪನವುಳ್ಳ ಶಬ್ದದ ಅಲೆಯುದ್ದ ನೀರಿನಲ್ಲಿ ಒಂದೂವರೆ ಮೀಟರ್. ಗೇಣುದ್ದದ ಮೀನನ್ನು ಅಂಥ ಅಲೆ ಬಳಸಿಕೊಂಡು ಮುಂದೆ ಹೋಗಿಬಿಡುತ್ತದೆ. ಒಂದು ಲಕ್ಷ ಕಂಪನವಾದರೆ ಅಲೆಯುದ್ದ ಒಂದೂವರೆ ಸೆಂಟಿಮೀಟರ್. ಅದು ಮೀನಿಗೆ ತಾಗಿ ಹಿಂದಿರುಗಬಲ್ಲದು. ಮೀನಿನ ಮಾಂಸ ನೀರಿಗೆ ಹತ್ತಿರವಾದ ಗುಣವುಳ್ಳದ್ದರಿಂದ ಅದರಿಂದ ಬರುವ ಪ್ರತಿಧ್ವನಿ ಅಲ್ಪ. ಆದರೆ ಬಹುಪಾಲು ಮೀನುಗಳ ಒಡಲಿನಲ್ಲಿ ತೇಲುವುದಕ್ಕಾಗಿ ಒಂದು ಗಾಳಿಚೀಲವಿರುತ್ತದೆ. ನನ್ನ ಸಿಳ್ಳೆಯನ್ನು ತಡೆದ ಗಾಳಿ-ನೀರಿನ ಗಡಿಯೇ ಅಲ್ಲಿಯೂ ಇದ್ದು, ಡಾಲ್ಫಿನ್ನಿನ ಸದ್ದನ್ನು ಹಿಂದಕ್ಕೆ ಕಳುಹಿಸಿ ಮೀನಿನ ಇರವನ್ನು ಬಯಲುಮಾಡುತ್ತದೆ.

ಇದು ಊಹೆಯಲ್ಲ. ಅಮೆರಿಕದ ಕೆನೆತ್ ನಾರಿಸ್ ಮತ್ತು ಸಂಗಡಿಗರು ಡಾಲ್ಫಿನ್ನಿನ ಕಣ್ಣುಗಳಿಗೆ ರಬ್ಬರಿನ ಮುಚ್ಚಳಗಳನ್ನು ಅಂಟಿಸಿ ಪರೀಕ್ಷಿಸಿದರು. ಅದು ಅಡ್ಡಿಗಳಿಗೆ ತಾಗದೆ ಈಜಿ ಮೀನನ್ನು ಹಿಡಿಯಿತು. ಈ ಪ್ರಯೋಗದ ವಿವರಗಳು 1961ರಲ್ಲಿ ಪ್ರಕಟವಾದುವು.

ಎಂಜಿನ್ ನಿಂತಾಗ

ನಮ್ಮ ಮಾತುಗಳನ್ನು ಕೇಳುತ್ತಿದ್ದ ದೋಣಿಯವರು, “ಬೆನ್ನಟ್ಟಿದರೆ ಅವು ದೂರ ಹೋಗುತ್ತವೆ, ಸಾರ್. ಸುಮ್ಮನಿದ್ದರೆ ಕೆಲವು ಸಲ ತಾವೇ ಬರುತ್ತವೆ. ಆದರೆ ಬಂದವರಿಗೆ ಅವಸರ” ಎಂದರು. ಅವರು ಅನುಭವದಿಂದ ಬಲ್ಲುದನ್ನು ನಾನು ಸೂತ್ರದಿಂದ ಬಲ್ಲವನಾಗಿಯೂ ಪಾಲಿಸಿರಲಿಲ್ಲ. ಎಂಜಿನನ್ನು ನಿಲ್ಲಿಸಿಬಿಡಿರೆಂದು ಕೇಳಿಕೊಂಡೆನು.

ಎಲ್ಲವೂ ನಿಶ್ಶಬ್ದವಾಯಿತು. ದೋಣಿ ಬಂಡೆಗಳಿದ್ದ ದಡದ ಕಡೆಗೆ ಮೆಲ್ಲನೆ ತೇಲಿತು. ಹುಟ್ಟಿನ ಒಂದು ತುದಿಯನ್ನು ನೀರಿನಲ್ಲಿ ಮುಳುಗಿಸಿ, ಇನ್ನೊಂದು ತುದಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿಕೊಳ್ಳುವಂತೆ ಮಗಳಿಗೆ ಹೇಳಿದೆನು. ಕೂಡಲೆ ಅವಳು ಕಣ್ಣರಳಿಸಿ, “ಅಪ್ಪಾ, ಒಳಗೆ ಯಾರೋ ಮಂಡಕ್ಕಿ ಹುರಿಯುತ್ತಿದ್ದಾರೆ!” ಎಂದಳು. ಬಳ್ಳಾರಿಯ ಹುಡುಗಿಗೆ ಬೇರೆ ಉಪಮೆ ಹೊಳೆಯುವುದೆಂತು? ಬೆಚ್ಚಗಿನ ತೀರದ ನೀರಿನಲ್ಲಿ ಈ ಚಟಪಟ ಸದ್ದು ಬಹುಮಟ್ಟಿಗೆ ಒಂದು ಜಾತಿಯ ಪುಟ್ಟ ಸಿಗಡಿಗಳದು. ಇವು ತಮ್ಮ ದೊಡ್ಡ ಕೊಂಡಿಯನ್ನು ಫಕ್ಕನೆ ಮುಚ್ಚುವಾಗ ನೀರು ಅತಿವೇಗದಿಂದ ಚಿಮ್ಮುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ಇಳಿದು ಗುಳ್ಳೆಯೊಂದು ಹುಟ್ಟಿ ಮರುಕ್ಷಣವೇ ಕುಸಿಯುತ್ತದೆ. ಸದ್ದು ಬರುವುದು ಕೊಂಡಿಗಳ ತಾಕಲಾಟದಿಂದಲ್ಲ, ಗುಳ್ಳೆಯ ಕುಸಿತದಿಂದ ಎಂಬುದು 2000ದಲ್ಲಿ ಪ್ರಕಟವಾದ ಸಂಶೋಧನೆಯಿಂದ ಸ್ಥಿರಪಟ್ಟಿತು.

ದೋಣಿಯ ಎಂಜಿನಿಗೆ ಸೇರಿ ನೀರಿನಲ್ಲಿ ಗಿರ್ರನೆ ತಿರುಗುವ ಪಂಖದ ಬಳಿಯಲ್ಲಿಯೂ ಇಂಥವೇ ಗುಳ್ಳೆಗಳು ಎಡೆಬಿಡದೆ ಹುಟ್ಟಿ ಒಡೆಯುತ್ತವೆ. ಹೊಲಕ್ಕೆ ನೀರೆತ್ತುವ ಪಂಪಿನ ಚಕ್ರದಲ್ಲಿ ಕೆಲವೊಮ್ಮೆ ಗುಳಿ ಬೀಳುವುದಕ್ಕೂ ಇದೇ ಕಾರಣ. ಈ ಗದ್ದಲಕ್ಕೆ ಗಾಳಿ-ನೀರಿನ ಗಡಿಯ ತಡೆಯಿಲ್ಲ. ಅದು ನೀರಿನಲ್ಲಿಯೇ ಹುಟ್ಟಿ ನೀರಿನಲ್ಲಿಯೇ ಬಹುದೂರ ಹಬ್ಬುತ್ತದೆ. ನಾನು ಪ್ರೀತಿಯಿಂದ ಹಾಕಿದ ಸಿಳ್ಳೆ ಡಾಲ್ಫಿನ್ನನ್ನು ಮುಟ್ಟಲಿಲ್ಲ. ಅವಸರದಿಂದ ಓಡಿಸಿದ ಎಂಜಿನ್ನಿನ ಮೊರೆ ಮುಟ್ಟಿತು. ತಾಯಿ ಮರಿಯನ್ನು ಕರೆಯುವ, ಸಂಗಾತಿಗಳು ಒಬ್ಬರನ್ನೊಬ್ಬರು ಅರಸುವ ಸದ್ದುಗಳ ಮೇಲೆ ಅದು ಮುಸುಕೆಳೆಯುತ್ತದೆ.

ಹತ್ತು ನಿಮಿಷಗಳಾಗಿರಬಹುದು. ದೋಣಿಯಿಂದ ಇಪ್ಪತ್ತು ಮಾರು ದೂರದಲ್ಲಿ ‘ಫೂ’ ಎಂದು ದೀರ್ಘವಾದ ಉಸಿರೊಂದು ಕೇಳಿಸಿತು. ಗೂನುಬೆನ್ನು ಮೂಡಿ, ಹೊಳೆದು, ಜಾರಿತು. ಅದರ ಪಕ್ಕದಲ್ಲಿ ಚಿಕ್ಕದೊಂದು ಬೆನ್ನು. ಅತ್ತೆಯವರು ಅರಿವಿಲ್ಲದೆಯೇ ಕೈಜೋಡಿಸಿದರು. ನನ್ನ ಬೆರಳುಗಳು ಬಾಯಿಗೆ ಹೋಗಲಿಲ್ಲ. ಡಾಲ್ಫಿನ್ನಿನ ಸದ್ದುಗಳೊಳಗೆ ಗಾಳಿಯಲ್ಲಿಯೇ ಹುಟ್ಟಿ ನೇರವಾಗಿ ನಮ್ಮ ಕಿವಿಗೆ ಬರುವುದು ಅದರ ಉಸಿರು. ಅದನ್ನು ಐದಾರು ಸಲ ಕೇಳಿದೆವು. ಬಾಲ್ಯದ ಆಸೆ ನಾನೆಣಿಸಿದ್ದ ರೀತಿಯಲ್ಲಲ್ಲದಿದ್ದರೂ ಅಂದು ನೆರವೇರಿತು.

ನೋಡುವವರ ಹೊಣೆ

ಈ ಜಾತಿಯ ಡಾಲ್ಫಿನ್ ಅಳಿವಿನಂಚಿನಲ್ಲಿರುವ ಪ್ರಾಣಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿದೆ. ತೀರವನ್ನು ಬಿಟ್ಟಿರದ ಪ್ರಾಣಿಯಾದುದರಿಂದ ಮೀನುಬಲೆ, ಬಂದರು, ಹಡಗು, ಕೊಳಕು ನೀರು ಎಲ್ಲವೂ ಇದರ ದಾರಿಗೇ ಅಡ್ಡ ಬರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇದಕ್ಕೆ ರಕ್ಷಣೆ ಕೊಟ್ಟಿದೆ. ಡಾಲ್ಫಿನ್ನುಗಳನ್ನು ಕೊಳದಲ್ಲಿ ಕೂಡಿಹಾಕಿ ಆಟವಾಡಿಸುವ ಪ್ರದರ್ಶನಾಲಯಗಳಿಗೆ ಅನುಮತಿಯಿಲ್ಲವೆಂದು ಭಾರತ ಸರ್ಕಾರ 2013ರಲ್ಲಿ ಸಾರಿತು. ಆದುದರಿಂದ ನಮ್ಮ ನಾಡಿನ ಮಕ್ಕಳು ಡಾಲ್ಫಿನ್ನನ್ನು ಅದರ ಮನೆಯಲ್ಲಿಯೇ ಹೋಗಿ ನೋಡಬೇಕು. ಹೋದಾಗ ಬೆನ್ನಟ್ಟಬೇಡಿರೆಂದೂ, ಗುಂಪಿನ ನಡುವೆ ನುಗ್ಗಬೇಡಿರೆಂದೂ, ಕಂಡೊಡನೆ ಎಂಜಿನ್ ನಿಲ್ಲಿಸಿರೆಂದೂ ದೋಣಿಯವರನ್ನು ಕೇಳಿಕೊಳ್ಳುವುದು ನಮ್ಮ ಕರ್ತವ್ಯ.

ಕಡಲಿಗೆ ಹೋಗಲಾಗದವರು ಮನೆಯಲ್ಲಿಯೇ ಒಂದು ಪ್ರಯೋಗವನ್ನು ಮಾಡಬಹುದು. ಬಕೆಟ್ಟಿನ ತುಂಬ ನೀರು ತುಂಬಿ, ಗೆಳೆಯನೊಬ್ಬನು ಅದರೊಳಗೆ ಎರಡು ಕಲ್ಲುಗಳನ್ನು ಮೆಲ್ಲನೆ ಕುಟ್ಟಲಿ. ಮೊದಲು ಬರಿಯ ಕಿವಿಯಿಂದ ಕೇಳಿರಿ. ಬಳಿಕ ಲಟ್ಟಣಿಗೆಯ ಒಂದು ತುದಿಯನ್ನು ನೀರಿನಲ್ಲಿ ಅದ್ದಿ, ಇನ್ನೊಂದು ತುದಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿ ಕೇಳಿರಿ. ಕಿವಿಯ ಒಳಕ್ಕೆ ಮಾತ್ರ ತೂರಿಸಬೇಡಿರಿ. ಎರಡು ಸಲ ಕೇಳಿದುದರಲ್ಲಿ ಇರುವ ವ್ಯತ್ಯಾಸವನ್ನೂ, ಅದರ ಕಾರಣವನ್ನೂ ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಿರಿ.