ವಿಳಾಸ ಮೊದಲು, ಸಂಬಳ ಆಮೇಲೆ

ಜರ್ಮನಿಗೆ ಹೊರಟ ಹುಡುಗರು ಮಲವಗೊಪ್ಪದ ನಮ್ಮ ಮನೆಗೆ ಬಂದರೆ ಮೊದಲು ಕೇಳುವುದು ಸಂಬಳದ ಲೆಕ್ಕ. ಕೈಗೆ ಎಷ್ಟು ಬರುತ್ತೆ, ಊರಿಗೆ ಎಷ್ಟು ಕಳಿಸಬಹುದು? ಭದ್ರಾವತಿಯ ವಿಐಎಸ್‌ಎಲ್, ಎಂಪಿಎಂ ನೌಕರರ ಮಕ್ಕಳೇ ಹೆಚ್ಚು. ಅಪ್ಪಂದಿರ ಕಾರ್ಖಾನೆ ಸೊರಗಿದ್ದನ್ನು ಕಣ್ಣಾರೆ ಕಂಡವರು, ದುಡ್ಡಿನ ಮಾತು ಮೊದಲು ಬರುವುದು ಸಹಜ. ನಾನು ತಿರುಗಿ ಕೇಳುತ್ತೇನೆ: ಅಲ್ಲಿ ನಿನ್ನ ಹೆಸರಿರುವ ಟಪಾಲು ಡಬ್ಬಿ ಎಲ್ಲಿದೆ? ತಮಾಷೆ ಅಂದುಕೊಂಡು ನಗುತ್ತಾರೆ.

ತಮಾಷೆಯಲ್ಲ. ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ಆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅವರ ಮಾತಿನಲ್ಲಿ ಇದು ಅನ್‌ಮೆಲ್ಡುಂಗ್. ಅದಕ್ಕೆ ಬಾಡಿಗೆ ಕರಾರು ಸಾಲದು. 'ಇವರು ನಮ್ಮ ಮನೆಗೆ ಬಂದಿದ್ದು ನಿಜ' ಎಂದು ಮಾಲೀಕರು ಸಹಿ ಹಾಕಿದ ಪ್ರತ್ಯೇಕ ಚೀಟಿ ಬೇಕು, 2015ರ ನವೆಂಬರ್‌ನಿಂದ ಅದು ಕಡ್ಡಾಯ. ನೋಂದಣಿಯಾದ ಮೇಲೆ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದನ್ನು ಕಂಪನಿಗೆ ಕೊಡದೇ ಹೋದರೆ ಆರನೇ ತೆರಿಗೆ ವರ್ಗಕ್ಕೆ ಹಾಕಿ, ಯಾವ ವಿನಾಯಿತಿಯೂ ಇಲ್ಲದೆ ಮೊದಲ ಯೂರೋದಿಂದಲೇ ಕಡಿತ ಶುರುಮಾಡಬಹುದು. ಹೆಚ್ಚು ಹಿಡಿದದ್ದು ಮುಂದೆ ವಾಪಸ್ ಬರುತ್ತದೆ, ನಿಜ. ಆದರೆ ಆ ತಿಂಗಳ ಬಾಡಿಗೆ ಅಲ್ಲಿಯವರೆಗೆ ಕಾಯುವುದಿಲ್ಲವಲ್ಲ.

ಈಗ ಟಪಾಲು ಡಬ್ಬಿ. ಅಲ್ಲಿ ಬಹುಪಾಲು ಕಟ್ಟಡಗಳಲ್ಲಿ ಮನೆ ನಂಬರ್ ಅಂತ ಇರುವುದಿಲ್ಲ. ಕೆಳಗೆ ಸಾಲಾಗಿ ಡಬ್ಬಿಗಳು, ಪ್ರತಿಯೊಂದರ ಮೇಲೂ ಬೆರಳಗಲದ ಹೆಸರಿನ ಪಟ್ಟಿ. ಲಕೋಟೆಯ ಹೆಸರೂ ಪಟ್ಟಿಯ ಹೆಸರೂ ಹೊಂದದಿದ್ದರೆ ಕಾಗದ ಬಂದ ದಾರಿಯಲ್ಲೇ ಹಿಂದಕ್ಕೆ. ತೆರಿಗೆ ಸಂಖ್ಯೆ, ವಿಮೆ ಕಾರ್ಡು, ಬ್ಯಾಂಕ್ ಕಾರ್ಡು, ಅದರ ಪಿನ್ನಿಗೆ ಇನ್ನೊಂದು ಲಕೋಟೆ, ಎಲ್ಲ ಬರುವುದು ಆ ಡಬ್ಬಿಗೇ. ನಮ್ಮ ಕಡೆಯವರ ತೊಡಕು ಇಲ್ಲೇ. ನಮ್ಮ ಹೆಸರಿನ ಮುಂದೆ ಇರುವುದು ಇನಿಷಿಯಲ್ಲು: ಒಂದು ಊರಿನದು, ಇನ್ನೊಂದು ಅಪ್ಪನದು. ಅವರ ಫಾರಂ ಕೇಳುವುದು ಮನೆತನದ ಹೆಸರನ್ನು. ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ ಬಿಟ್ಟವರ ಹೆಸರು ವೀಸಾದಲ್ಲೊಂದು ತರಹ, ಬ್ಯಾಂಕಿನಲ್ಲೊಂದು ತರಹ, ಸಂಬಳದ ಚೀಟಿಯಲ್ಲಿ ಮತ್ತೊಂದು ತರಹ ಆಗುತ್ತದೆ. ನನ್ನ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಆ ಜಾಗದಲ್ಲಿತ್ತು. ಹಾಗಾಗಿ ಬಿ.ಎಚ್. ರಸ್ತೆಯಲ್ಲಿ ಶಿವಮೊಗ್ಗ–ಭದ್ರಾವತಿ ಬಸ್ಸು ಬಿಟ್ಟರೆ ಬೇರೆ ಪ್ರಯಾಣವನ್ನೇ ಅಷ್ಟಾಗಿ ಮಾಡದ ಮನುಷ್ಯನ ಹೆಸರು ಯುರೋಪಿನ ಡಬ್ಬಿಯ ಮೇಲೆ ಎಷ್ಟೋ ವರ್ಷ ಇತ್ತು. ಕಚೇರಿಯಲ್ಲಿ ನನ್ನನ್ನು ಕರೆಯುತ್ತಿದ್ದುದೂ ಅಪ್ಪನ ಹೆಸರಿನಿಂದಲೇ. ಹೊರಡುವವರು ಪಾಸ್‌ಪೋರ್ಟ್, ಪ್ಯಾನ್, ಅಂಕಪಟ್ಟಿ ಮೂರರಲ್ಲೂ ಹೆಸರು ಒಂದೇ ಆಗಿದೆಯೇ ಅಂತ ಇಲ್ಲೇ ನೋಡಿಕೊಳ್ಳಿ. ಇಲ್ಲಿ ಅದು ಓಡಾಟದ ಕೆಲಸ ಅಷ್ಟೇ, ಅಲ್ಲಿಂದ ಮಾಡಿಸಲು ಹೋದರೆ ಸಂಬಳವೇ ತಡವಾಗುತ್ತದೆ.

ಬಾಡಿಗೆ ಠೇವಣಿಯ ವಿಷಯದಲ್ಲಿ ಮಾತ್ರ ಅವರ ಕಾನೂನಿಗೆ ಕೈ ಮುಗಿಯಬೇಕು. ಮೂರು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, ಬಾಡಿಗೆದಾರ ಮೂರು ಕಂತಿನಲ್ಲಿ ಕೊಡಬಹುದು, ಮಾಲೀಕ ಅದನ್ನು ತನ್ನ ಹಣದಿಂದ ಬೇರೆಯಾಗಿ ಬಡ್ಡಿ ಬರುವಂತೆ ಇಡಬೇಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಕಳೆದುಕೊಂಡವರಿಗೆ ಇದು ಕಥೆಯಂತೆ ಕೇಳಿಸುತ್ತದೆ.

ಇನ್ನೊಂದು ಕಾಗದ ಎಲ್ಲರಿಗೂ ಬರುತ್ತದೆ: ರೇಡಿಯೊ–ಟಿವಿ ಶುಲ್ಕ. ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ. ಟಿವಿ ಇಲ್ಲ ಅಂದರೆ ಕೇಳುವುದಿಲ್ಲ, ಅದು ಮನೆಗೆ ಹಾಕುವ ಶುಲ್ಕ. ಮೋಸದ ಪತ್ರ ಅಂತ ಕಸಕ್ಕೆ ಹಾಕಿದರೆ ದಂಡ ಸೇರಿಕೊಂಡು ಮತ್ತೆ ಬರುತ್ತದೆ. ನಾಲ್ಕು ಜನ ಒಂದೇ ಮನೆಯಲ್ಲಿದ್ದರೆ ಒಬ್ಬರು ಕಟ್ಟಿದರೆ ಸಾಕು. ವಿಳಾಸ ನೋಂದಣಿಯ ಫಾರಂನಲ್ಲಿ ಧರ್ಮದ ಕಾಲಂ ಬೇರೆ ಇದೆ. ಕ್ಯಾಥೊಲಿಕ್ ಎಂದು ತುಂಬಿದ ಭದ್ರಾವತಿಯ ಗೆಳೆಯನಿಗೆ ಆದಾಯ ತೆರಿಗೆಯ ಮೇಲೆ ಶೇ 9ರಷ್ಟು ಚರ್ಚ್ ತೆರಿಗೆ ಬಿತ್ತು. ಬವೇರಿಯಾ, ಬಾಡೆನ್–ವುರ್ಟೆಂಬರ್ಗ್‌ಗಳಲ್ಲಾದರೆ ಶೇ 8. ಅವನಿಗೆ ಬೇಸರವೇನೂ ಇರಲಿಲ್ಲ ಅನ್ನಿ, ಇಲ್ಲಿ ಹರಕೆ ಹುಂಡಿಗೆ ಹಾಕುತ್ತಿದ್ದೆ ಅಂದ.

ಮದುವೆಯಾದವರಿಗೆ ದೊಡ್ಡ ದುಡ್ಡು ಇರುವುದು ತೆರಿಗೆ ವರ್ಗದಲ್ಲಿ. ಗಂಡ ಹೆಂಡತಿ ಇಬ್ಬರೂ ಅಲ್ಲಿದ್ದು ಒಬ್ಬರೇ ದುಡಿಯುತ್ತಿದ್ದರೆ ಮೂರನೇ ವರ್ಗ ಸಿಗುತ್ತದೆ, ತಿಂಗಳ ಸಂಬಳದಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಹೆಂಡತಿ ಶಿವಮೊಗ್ಗದಲ್ಲೇ ಉಳಿದರೆ ಅದು ಇಲ್ಲ. ಕೇಳುವುದು ಮದುವೆ ನೋಂದಣಿ ಪತ್ರವನ್ನು, ಛತ್ರದ ಆಲ್ಬಂ ಅಲ್ಲ. ನಮ್ಮಲ್ಲಿ ಮದುವೆಯಾಗಿ ಎಷ್ಟೋ ವರ್ಷವಾದರೂ ಸಬ್ ರಿಜಿಸ್ಟ್ರಾರ್ ಕಚೇರಿ ಮೆಟ್ಟಿಲು ಹತ್ತದ ಜೋಡಿಗಳು ಬೇಕಾದಷ್ಟಿವೆ. ಪತ್ರ ಜರ್ಮನ್‌ಗೆ ಅನುವಾದವಾಗಬೇಕು, ಅದೂ ಪ್ರಮಾಣಿತ ಅನುವಾದಕರಿಂದ. ಕನ್ನಡ ಬಲ್ಲ ಅಂಥವರು ಅಲ್ಲಿ ವಿರಳ. ಇಂಗ್ಲಿಷಿನಲ್ಲೂ ಇರುವ ಪ್ರತಿಯನ್ನೇ ತೆಗೆದುಕೊಂಡು ಹೋಗಿ.

ವಿದ್ಯಾರ್ಥಿಗಳ ದಾರಿ ಬೇರೆ. 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೋ ಮುಂಚೆಯೇ ನಿರ್ಬಂಧಿತ ಖಾತೆಯಲ್ಲಿಟ್ಟು ತೋರಿಸಬೇಕು, ತಿಂಗಳಿಗೆ 992 ಬಿಡುಗಡೆ. ಕೆಲಸಕ್ಕೆ ಹೋಗುವವರಿಗೆ ಯಾರೂ ಹೀಗೆ ಕಡ್ಡಾಯ ಮಾಡುವುದಿಲ್ಲ, ಅದಕ್ಕೇ ಅವರೇ ಹೆಚ್ಚು ಒದ್ದಾಡುವುದು. ಠೇವಣಿಯ ಜೊತೆಗೆ ಎರಡು ತಿಂಗಳ ಪೂರ್ತಿ ಖರ್ಚು ಕೈಯಲ್ಲಿರಲಿ. ಮೊದಲ ಸಂಬಳವನ್ನು ನಂಬಿ ವಿಮಾನ ಹತ್ತಬೇಡಿ.

ಹಿಂದೆ ಬಿಟ್ಟುಹೋಗುವ ಲೆಕ್ಕವೂ ಇದೆ. ಅನಿವಾಸಿಯಾದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸಬೇಕು. ಅದರ ಬಡ್ಡಿಗೆ ಸೆಸ್ ಸೇರಿ ಶೇ 31.2 ಟಿಡಿಎಸ್ ಹಿಡಿಯುತ್ತಾರೆ; ಜರ್ಮನ್ ತೆರಿಗೆ ಕಚೇರಿಯ ನಿವಾಸಿ ಪ್ರಮಾಣಪತ್ರ ಕೊಟ್ಟರೆ ಎರಡು ದೇಶಗಳ ಒಪ್ಪಂದದಂತೆ ಶೇ 10. ಹಳೆಯ ಪಿಪಿಎಫ್ ಅವಧಿ ಮುಗಿಯುವವರೆಗೆ ಮುಂದುವರಿಯುತ್ತದೆ, ಹೊಸದು ತೆರೆಯುವಂತಿಲ್ಲ. ಹೊರಗಿನ ಗಳಿಕೆ ಕಳಿಸಿ ಇಡುವ ಎನ್‌ಆರ್‌ಇ ಖಾತೆಯ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ ಎಂದು ಹಿಗ್ಗುವವರು ಅಲ್ಲಿನ ರಿಟರ್ನ್‌ನಲ್ಲಿ ಅದನ್ನು ತೋರಿಸಬೇಕು ಎಂಬುದನ್ನು ಮರೆಯುತ್ತಾರೆ. ಮನೆ, ಸೈಟಿನ ವ್ಯವಹಾರಕ್ಕೆ ಅಪ್ಪ ಅಮ್ಮನಿಗೆ ಜಿಪಿಎ ಕೊಡುವುದಿದ್ದರೆ ಹೊರಡುವ ಮುನ್ನವೇ ಕೊಡಿ. ಅಲ್ಲಿಂದಾದರೆ ಬರ್ಲಿನ್ ರಾಯಭಾರ ಕಚೇರಿ ಅಥವಾ ಫ್ರಾಂಕ್‌ಫರ್ಟ್, ಮ್ಯೂನಿಕ್, ಹ್ಯಾಂಬರ್ಗ್ ಕಾನ್ಸುಲೇಟಿಗೆ ಹೋಗಿ ದೃಢೀಕರಿಸಬೇಕು, ಕಾಗದ ಭಾರತ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಸ್ಟಾಂಪ್ ಮಾಡಿಸಬೇಕು.

ವಾಪಸ್ ಬರುವವರಿಗೆ ಒಂದು ಮಾತು. ವಿಳಾಸ ರದ್ದು ಮಾಡಿಸಿದ ಚೀಟಿ ಪಡೆಯದೆ ವಿಮಾನ ಹತ್ತಬೇಡಿ. ರೇಡಿಯೊ ಶುಲ್ಕ ನಿಲ್ಲಿಸುವುದಕ್ಕೂ ಅದು ಬೇಕಾಗುತ್ತದೆ. ಪಿಂಚಣಿ ವಿಮೆಯ ಸಂಖ್ಯೆಯಿರುವ ಕಾಗದವನ್ನು ಸೂಟ್‌ಕೇಸಿನಲ್ಲಲ್ಲ, ಕೈಚೀಲದಲ್ಲೇ ತನ್ನಿ. ಭಾರತ–ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಅಲ್ಲಿ ಐದು ವರ್ಷ ವಂತಿಗೆ ಕಟ್ಟಿದವರಿಗೆ ವಯಸ್ಸಾದಾಗ ಬರುವ ಪಿಂಚಣಿಯನ್ನು ಇಲ್ಲಿ ಕೂತೇ ಪಡೆಯಬಹುದು.