ಒಂದೇ ಲೋಟ, ಮೂರು ಪದರ

ಬೆರಳುದ್ದದ ಗಾಜಿನ ಲೋಟ. ತಳದಲ್ಲಿ ಕಡು ಕಂದು, ಅದರ ಮೇಲೆ ಕೆನೆಬಣ್ಣ, ತುದಿಯಲ್ಲಿ ತಿಳಿ ಹೊಂಬಣ್ಣ. ಮೂರೂ ದ್ರವಗಳೇ, ಕದಡಿದರೆ ಕ್ಷಣದಲ್ಲಿ ಬೆರೆತುಹೋಗುವಂಥವು. ಆದರೂ ಗೆರೆ ಎಳೆದಂತೆ ಒಂದರ ಮೇಲೊಂದು ನಿಂತಿವೆ. ಬಿ-52 ಎಂಬ ಈ ಪಾನೀಯವನ್ನು ನೀವು ಎಲ್ಲಾದರೂ ನೋಡಿ, ಇದು ಪಳಗಿದವರ ಕೈಚಳಕ, ನಮ್ಮಿಂದಾಗದು ಎಂದುಕೊಂಡಿರಬಹುದು. ಹಾಗೇನಿಲ್ಲ. ಇಲ್ಲಿ ಕೈಗಿಂತ ಮೊದಲು ಬೇಕಾದದ್ದು ತೂಕದ ತಿಳಿವಳಿಕೆ. ಬುಡದಿಂದಲೇ ಆರಂಭಿಸೋಣ.

ಬ್ರಾಂಡಿ, ವೋಡ್ಕಾದಂಥ ಮದ್ಯಕ್ಕೆ ಹಣ್ಣು, ಮೂಲಿಕೆ, ಕಾಫಿ ಅಥವಾ ಕೆನೆಯ ರುಚಿ ಕೂಡಿಸಿ ಸಕ್ಕರೆ ಬೆರೆಸಿದರೆ ಅದನ್ನು ಲಿಕ್ಯೂರ್ ಎನ್ನುತ್ತಾರೆ. ಸಿಹಿಯೇ ಅದರ ಗುರುತು. ಐರೋಪ್ಯ ಒಕ್ಕೂಟದ ನಿಯಮದಂತೆ ಸಾಮಾನ್ಯವಾಗಿ ಲೀಟರಿಗೆ ಕನಿಷ್ಠ 100 ಗ್ರಾಂ ಸಕ್ಕರೆ ಇದ್ದರಷ್ಟೇ ಆ ಹೆಸರು ಸಲ್ಲುತ್ತದೆ. ಕ್ರೆಮ್ ದ ಕ್ಯಾಸಿಸ್ ಎಂಬ ಹಣ್ಣಿನ ಲಿಕ್ಯೂರಿಗೆ 400 ಗ್ರಾಂ ಬೇಕು. ಇನ್ನು ಶಾಟ್ ಎಂದರೆ ಒಂದೆರಡು ಗುಟುಕಿನಲ್ಲಿ ಮುಗಿಯುವ ಸಣ್ಣ ಅಳತೆ. ನಮಗೆ 60 ಮಿಲಿ ಹಿಡಿಯುವ, ಅಗಲಕ್ಕಿಂತ ಎತ್ತರ ಹೆಚ್ಚಿರುವ ಲೋಟ ಸಾಕು.

ಈಗ ಮುಖ್ಯ ವಿಷಯ: ಸಾಂದ್ರತೆ. ಅಂದರೆ ಒಂದೇ ಅಳತೆಯ ಜಾಗದಲ್ಲಿ ಎಷ್ಟು ತೂಕ ಅಡಗಿದೆ ಎಂಬುದು. 100 ಮಿಲಿ ನೀರು 100 ಗ್ರಾಂ ತೂಗುತ್ತದೆ. ಅಷ್ಟೇ ಶುದ್ಧ ಆಲ್ಕೊಹಾಲು ತೂಗುವುದು ಸುಮಾರು 79 ಗ್ರಾಂ. ಸಕ್ಕರೆ ಕರಗಿದ ನೀರಾದರೆ 100ಕ್ಕಿಂತ ಹೆಚ್ಚು. ಲಿಕ್ಯೂರಿನಲ್ಲಿ ಇವೆರಡೂ ಎದುರುಬದುರಾಗಿ ಕೆಲಸ ಮಾಡುತ್ತವೆ: ಸಕ್ಕರೆ ಅದನ್ನು ಭಾರವಾಗಿಸುತ್ತದೆ, ಆಲ್ಕೊಹಾಲು ಹಗುರಾಗಿಸುತ್ತದೆ. ಭಾರವಾದದ್ದು ಕೆಳಗೆ, ಹಗುರಾದದ್ದು ಮೇಲೆ. ಪದರದ ಶಾಸ್ತ್ರವೆಲ್ಲ ಇಷ್ಟೇ.

ನಮ್ಮ ಮೂರು ಬಾಟಲಿಗಳನ್ನು ಇದೇ ಕಣ್ಣಿನಿಂದ ನೋಡಿ. ಮೊದಲನೆಯದು ಮೆಕ್ಸಿಕೋದ ಕಲುವಾ, ಕಾಫಿಯ ಲಿಕ್ಯೂರ್. 100 ಮಿಲಿ ಸುಮಾರು 114 ಗ್ರಾಂ ತೂಗುತ್ತದೆ. ಎರಡನೆಯದು 1974ರಲ್ಲಿ ಮಾರುಕಟ್ಟೆಗೆ ಬಂದ ಐರ್ಲೆಂಡಿನ ಬೇಲೀಸ್, ಹಾಲಿನ ಕೆನೆ ಮತ್ತು ವಿಸ್ಕಿಯದು. ಸುಮಾರು 105 ಗ್ರಾಂ. ಮೂರನೆಯದು ಫ್ರಾನ್ಸಿನ ಗ್ರಾಂ ಮಾರ್ನಿಯೇ, ಕೊನ್ಯಾಕ್ ಬ್ರಾಂಡಿಗೆ ಕಹಿ ಕಿತ್ತಳೆಯ ಪರಿಮಳ ಸೇರಿದ್ದು. ಸುಮಾರು 103 ಗ್ರಾಂ. ಕಾಫಿಗೂ ಕೆನೆಗೂ ನಡುವೆ ದೊಡ್ಡ ಅಂತರವಿದೆ, ಆದ್ದರಿಂದ ಎರಡನೆಯ ಪದರ ಸುಲಭ. ಕೆನೆಗೂ ಕಿತ್ತಳೆಗೂ ಇರುವುದು ಎರಡೇ ಗ್ರಾಂ. ಹೊಸಬರ ಲೋಟ ಕದಡುವುದು ಹೆಚ್ಚಾಗಿ ಇಲ್ಲಿಯೇ. ನಿಮ್ಮ ಬಳಿ ಬೇರೆ ಲಿಕ್ಯೂರ್ ಇದ್ದರೆ ಅಡುಗೆಮನೆಯ ತಕ್ಕಡಿಯಲ್ಲಿ 100 ಮಿಲಿ ತೂಗಿ, ಬಾಟಲಿಯ ಮೇಲೆ ಅಂಕಿ ಬರೆದು ಅಂಟಿಸಿ. ಯಾವುದು ಯಾವುದರ ಮೇಲೆ ಎಂಬ ಪ್ರಶ್ನೆಗೆ ಅದಕ್ಕಿಂತ ನಂಬಿಕಸ್ಥ ಉತ್ತರವಿಲ್ಲ.

ದುಬಾರಿ ಬಾಟಲಿ ತೆರೆಯುವ ಮೊದಲು ಒಂದು ಅಭ್ಯಾಸ ಮಾಡಿ. ಕರಾವಳಿಯವರ ಮನೆಯಲ್ಲಿ ಪುನರ್ಪುಳಿಯ ಗಟ್ಟಿ ಸಿರಪ್ ಇದ್ದೇ ಇರುತ್ತದೆ. ಇಲ್ಲವಾದರೆ ಬಣ್ಣದ ಯಾವ ಸಕ್ಕರೆ ಪಾಕವಾದರೂ ಆದೀತು. ಲೋಟದ ತಳಕ್ಕೆ ಅದನ್ನು ಹಾಕಿ, ಮೇಲೆ ಚಮಚದ ಆಸರೆಯಲ್ಲಿ ತಣ್ಣೀರು ಬಿಡಿ. ಕೆಂಪು ಕೆಳಗೆ, ತಿಳಿ ನೀರು ಮೇಲೆ ನಿಲ್ಲುತ್ತದೆ. ಆಮೇಲೆ ಇನ್ನೊಂದು ಲೋಟದಲ್ಲಿ ಮೊದಲು ನೀರು, ನಂತರ ಸಿರಪ್ ಹಾಕಿ ನೋಡಿ. ಕೆಂಪು ಎಳೆಎಳೆಯಾಗಿ ನೀರನ್ನು ಸೀಳಿಕೊಂಡು ತಳಕ್ಕಿಳಿಯುತ್ತದೆ, ದಾರಿಯುದ್ದಕ್ಕೂ ಬಣ್ಣ ಬಿಡುತ್ತದೆ. ಕ್ರಮ ಏಕೆ ಮುಖ್ಯ ಎಂಬುದನ್ನು ನನ್ನ ಮಾತಿಗಿಂತ ಆ ಎರಡು ಲೋಟಗಳೇ ಚೆನ್ನಾಗಿ ಕಲಿಸುತ್ತವೆ. ಕೈ ಕುದುರುವವರೆಗೂ ಇದನ್ನೇ ಮಾಡುತ್ತಿರಿ.

ಇನ್ನು ನಿಜವಾದ ಕೆಲಸ. ಬಾಟಲಿಗಳನ್ನು ಫ್ರಿಜ್ಜಿನಲ್ಲಿ ಒಂದೆರಡು ಗಂಟೆ ಇಡಿ. ತಣ್ಣಗಾದ ಲಿಕ್ಯೂರ್ ಮಂದವಾಗಿ ಹರಿಯುತ್ತದೆ, ಬೆರೆಯಲು ಆತುರಪಡುವುದಿಲ್ಲ. ಒಂದೊಂದನ್ನೂ 15 ಮಿಲಿ ಅಳೆದು ಮೂತಿಯಿರುವ ಪುಟ್ಟ ಪಾತ್ರೆಗಳಲ್ಲಿ ಇಟ್ಟುಕೊಳ್ಳಿ. ಬಾಟಲಿಯಿಂದ ನೇರವಾಗಿ ಸುರಿಯುವುದು ಬೇಡ, ಧಾರೆ ಹಿಡಿತಕ್ಕೆ ಸಿಗುವುದಿಲ್ಲ. ಕಾಫಿ ಲಿಕ್ಯೂರನ್ನು ಲೋಟದ ನಡುವಿಗೆ, ಗೋಡೆಗೆ ತಾಗದಂತೆ ಹಾಕಿ. ಈಗ ಒಂದು ಚಿಕ್ಕ ಚಮಚವನ್ನು ಬೋರಲು ಹಿಡಿದು, ಅದರ ತುದಿ ಲೋಟದ ಒಳಗೋಡೆಗೆ ತಾಗುವಂತೆ, ಕಾಫಿಯ ಮೇಲ್ಮೈಗೆ ಕೂದಲೆಳೆಯಷ್ಟು ಮೇಲೆ ನಿಲ್ಲಿಸಿ. ಚಮಚದ ಬೆನ್ನಿನ ಮೇಲೆ ಬೇಲೀಸನ್ನು ನೂಲಿನಷ್ಟು ಸಣ್ಣ ಧಾರೆಯಲ್ಲಿ ಬಿಡಿ. ಮೊದಲ ಹನಿಗಳು ಕಾಫಿಯೊಳಗೆ ತುಸು ಮುಳುಗಿ, ಮೋಡ ಕವಿದಂತೆ ಕಂಡು, ಮತ್ತೆ ಮೇಲೇಳುತ್ತವೆ. ಆಗ ಗಾಬರಿಯಿಂದ ಕೈ ನಿಲ್ಲಿಸಬೇಡಿ. ಕೆನೆಯ ತೆಳು ಹೊದಿಕೆ ಒಮ್ಮೆ ಹರಡಿತೆಂದರೆ ಉಳಿದದ್ದು ಅದರ ಮೇಲೆಯೇ ಸೇರುತ್ತದೆ. ಮಟ್ಟ ಏರಿದಂತೆ ಚಮಚವನ್ನೂ ಏರಿಸುತ್ತಾ ಹೋಗಿ. ಚಮಚ ತೊಳೆದು ಒರೆಸಿ, ಕಿತ್ತಳೆ ಲಿಕ್ಯೂರನ್ನೂ ಹಾಗೆಯೇ ಬಿಡಿ, ಆದರೆ ಇನ್ನಷ್ಟು ನಿಧಾನವಾಗಿ. ಎರಡು ಗ್ರಾಂ ಅಂತರ ನೆನಪಿರಲಿ.

ಈ ಮೂರೂ ಎಣ್ಣೆ ನೀರಿನ ಹಾಗೆ ಎಂದೆಂದಿಗೂ ಬೇರೆಯಾಗಿ ಉಳಿಯುವುದಿಲ್ಲ. ಹೊತ್ತು ಕಳೆದಂತೆ ಅಂಚುಗಳು ಮಸುಕಾಗುತ್ತವೆ. ಆದ್ದರಿಂದ ಅತಿಥಿಗಳು ಬಂದ ಮೇಲೆಯೇ ಕಟ್ಟಿ.

ಪದರ ಕಟ್ಟುವ ಆಸೆ ಹಳೆಯದು. ಪೂಸ್ ಕಫೆ ಎಂಬ ಪದರದ ಪಾನೀಯಗಳು 1862ರಲ್ಲಿ ಅಮೆರಿಕದ ಜೆರ್ರಿ ಥಾಮಸ್ ಪ್ರಕಟಿಸಿದ ಪುಸ್ತಕದಲ್ಲಿಯೇ ಇವೆ. ಬಿ-52 ಮಾತ್ರ ಇತ್ತೀಚಿನದು. 1977ರಲ್ಲಿ ಕೆನಡಾದ ಬ್ಯಾನ್ಫ್ ಪಟ್ಟಣದ ಹೋಟೆಲೊಂದರಲ್ಲಿ ಹುಟ್ಟಿತೆಂಬ ಮಾತು ಹೆಚ್ಚು ಪ್ರಚಲಿತವಾಗಿದೆ.

ಎರಡು ಎಚ್ಚರಿಕೆಗಳಿವೆ. ಕೆನೆಯ ಲಿಕ್ಯೂರಿಗೆ ನಿಂಬೆರಸ ತಾಗಿಸಬೇಡಿ, ಒಡೆದು ಗಂಟುಗಂಟಾಗುತ್ತದೆ. ಕೆಲವು ಬಾರುಗಳಲ್ಲಿ ತುದಿಗೆ ಬೆಂಕಿ ಹೊತ್ತಿಸಿ ಕೊಡುತ್ತಾರೆ, ಅದನ್ನು ಮನೆಯಲ್ಲಿ ಖಂಡಿತ ಮಾಡಬೇಡಿ. ಗಾಜು ಬಿರಿಯಬಹುದು, ತುಟಿ ಸುಡಬಹುದು, ಉರಿಯುವ ಮದ್ಯ ಚೆಲ್ಲಿದರೆ ಮೇಜಿಗೂ ಬೆಂಕಿ ಹತ್ತುತ್ತದೆ. ಪದರದ ಅಂದಕ್ಕೆ ಬೆಂಕಿಯ ಅಗತ್ಯವೂ ಇಲ್ಲ.

ಕೊನೆಗೊಂದು ಲೆಕ್ಕ. ಕಾಫಿ ಲಿಕ್ಯೂರಿನಲ್ಲಿ ಶೇ 20, ಕೆನೆಯದರಲ್ಲಿ ಶೇ 17, ಕಿತ್ತಳೆಯದರಲ್ಲಿ ಶೇ 40 ಆಲ್ಕೊಹಾಲು ಎಂದಿಟ್ಟುಕೊಂಡರೆ, ಈ ಒಂದು ಲೋಟದಲ್ಲಿ ಶುದ್ಧ ಆಲ್ಕೊಹಾಲು 11.55 ಮಿಲಿಯಷ್ಟಿರುತ್ತದೆ. ನಮ್ಮಲ್ಲಿ ಶೇ 42.8ರ ವಿಸ್ಕಿಯ 30 ಮಿಲಿ ಪೆಗ್ಗಿನಲ್ಲಿ ಇರುವುದು 12.8 ಮಿಲಿ. ಸಿಹಿಯಾಗಿದೆ ಎಂದು ಸಿಹಿತಿಂಡಿಯ ಹಾಗೆ ಎಣಿಸಬೇಡಿ, ಪೆಗ್ಗಿನ ಹಾಗೆಯೇ ಎಣಿಸಿ. ಅತಿಥಿಗಳಿಗೂ ಕುಡಿಯುವ ಮೊದಲೇ ಇದನ್ನು ತಿಳಿಸಿ, ಗಾಡಿ ಓಡಿಸುವವರಿಗೆ ಪುನರ್ಪುಳಿಯ ಲೋಟ ಕೊಡಿ.